ಮೇಲಿನ ಮನೆಯ ಬಾಡಿಗೆದಾರನ ಮೇಲೆ ಬೀದಿಗೆಲ್ಲ ಅನುಮಾನ: ಮಾಲೀಕರು ಏನು ಮಾಡಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬೆಂಗಳೂರಿನ ಕುಂದಲಹಳ್ಳಿಯ ಬಳಿ ನಮ್ಮ ಸ್ವಂತ ಮನೆಯಿದೆ. ಕೆಳಗೆ ನಾನಿದ್ದು, ಮೇಲಿನ ಎರಡು ಸಣ್ಣ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಅದರಲ್ಲಿ ಒಂದಕ್ಕೆ ಕೆಲವು ತಿಂಗಳ ಹಿಂದೆ ಅಸ್ಸಾಮಿನ ಒಬ್ಬ ಮುಸ್ಲಿಂ ಯುವಕ ಬಂದಿದ್ದಾನೆ. ಬಾಡಿಗೆ ಸರಿಯಾಗಿ ಕೊಡುತ್ತಾನೆ, ಗಲಾಟೆಯೇನಿಲ್ಲ. ಆದರೆ ನಡುರಾತ್ರಿ ಕಳೆದ ಮೇಲೆ ಬರುತ್ತಾನೆ, ಹಗಲೆಲ್ಲ ಬಾಗಿಲು ಹಾಕಿಕೊಂಡಿರುತ್ತಾನೆ, ಫೋನಿನಲ್ಲಿ ನಮಗೆ ತಿಳಿಯದ ಭಾಷೆಯಲ್ಲಿ ಮಾತನಾಡುತ್ತಾನೆ, ಆಗಾಗ ಪಾರ್ಸೆಲ್‌ಗಳು ಬರುತ್ತವೆ. ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಆ ದಿನದ ಹೆದರಿಕೆ ಇಲ್ಲಿನವರಿಗೆ ಇನ್ನೂ ಹೋಗಿಲ್ಲ. ಈಗ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಅವನ ಫೋಟೊ ಹಾಕಿ, ‘ಇವನು ಬಾಂಗ್ಲಾದೇಶದವನಿರಬಹುದು, ಎಚ್ಚರ’ ಎಂದು ಬರೆದಿದ್ದಾರೆ. ಖಾಲಿ ಮಾಡಿಸಿ, ಇಲ್ಲವೆಂದರೆ ನಾವೇ ಬಂದು ವಿಚಾರಿಸುತ್ತೇವೆ ಎನ್ನುತ್ತಿದ್ದಾರೆ. ನಾನು ಜಾತಿ ಮತ ನೋಡಿ ಮನೆ ಕೊಟ್ಟವಳಲ್ಲ. ಆದರೂ ‘ನಾಳೆ ಏನಾದರೂ ಆದರೆ ಹೊಣೆ ಯಾರು’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವನನ್ನು ಬಿಡಿಸಬೇಕೇ? ಪೊಲೀಸರಿಗೆ ಹೇಳಬೇಕೇ? ಅವನಿಗೆ ನಾನು ಏನೆಂದು ಹೇಳಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಮನೆಯಲ್ಲಿ ಅಪಾಯವಿದ್ದು ಅದು ನಿಮ್ಮ ಕಣ್ಣಿಗೆ ಬೀಳದೆ ಹೋದೀತೇ ಎಂಬುದು ಒಂದು; ನೆರೆಹೊರೆಯವರ ಮಾತು ಕೇಳಿ ತಪ್ಪು ಮಾಡದವನೊಬ್ಬನನ್ನು ಬೀದಿಗೆ ತಳ್ಳಿಬಿಟ್ಟೆನೇ ಎಂಬುದು ಇನ್ನೊಂದು. ಪೊಲೀಸ್ ಇಲಾಖೆಯಲ್ಲಿ, ಅದರಲ್ಲೂ ಆಂತರಿಕ ಭದ್ರತೆಯ ಕೆಲಸದಲ್ಲಿ, ಹಲವು ವರ್ಷ ದುಡಿದವನಾಗಿ ಹೇಳುತ್ತೇನೆ: ಎರಡೂ ನ್ಯಾಯವಾದ ಭಯಗಳೇ. ಹೆಸರು, ಮತ, ಭಾಷೆ ನೋಡಿ ಅನುಮಾನಿಸುವುದರಿಂದ ಈ ಎರಡರಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಅಪಾಯ ಇದ್ದಲ್ಲೇ ಇರುತ್ತದೆ, ಅನ್ಯಾಯ ಅದರ ಜೊತೆಗೆ ಸೇರಿಕೊಳ್ಳುತ್ತದೆ.

ಇದನ್ನು ಸದ್ಭಾವನೆಯ ಮಾತಾಗಿ ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣವನ್ನು ನಿಮ್ಮಂಥ ಮನೆಮಾಲೀಕರು ಚೆನ್ನಾಗಿ ತಿಳಿದುಕೊಂಡಿರಬೇಕು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಓಡುತ್ತಿದ್ದ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕನೂ ಅದನ್ನು ಒಯ್ಯುತ್ತಿದ್ದ ಪ್ರಯಾಣಿಕನೂ ಗಾಯಗೊಂಡರು. ಪ್ರಯಾಣಿಕನ ಬಳಿ ಸಿಕ್ಕ ಆಧಾರ್ ಕಾರ್ಡು ಹುಬ್ಬಳ್ಳಿ ಮೂಲದ ರೈಲ್ವೆ ನೌಕರರೊಬ್ಬರದು. ಆ ನೌಕರರು ಕಾರ್ಡನ್ನು ಹಿಂದೆಯೇ ಕಳೆದುಕೊಂಡಿದ್ದರು. ಸ್ಫೋಟಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಆರೋಪಿ ಅದೇ ಹೆಸರು ಹೇಳಿಕೊಂಡು, ಮೊಬೈಲ್ ರಿಪೇರಿ ಕಲಿಯಲು ಬಂದಿದ್ದೇನೆ ಎಂದು ನಂಬಿಸಿ, ಮೈಸೂರಿನ ಮೇಟಗಳ್ಳಿ ಕಡೆಯ ಬಡಾವಣೆಯೊಂದರಲ್ಲಿ ಕೋಣೆ ಬಾಡಿಗೆಗೆ ಪಡೆದಿದ್ದ. ಸ್ಫೋಟಕ ತಯಾರಿಸುವ ಸಾಮಗ್ರಿ ಪೊಲೀಸರಿಗೆ ಸಿಕ್ಕಿದ್ದು ಆ ಕೋಣೆಯಲ್ಲೇ. ಆತ ಹೊರನಾಡಿನವನೂ ಅಲ್ಲ, ತೀರ್ಥಹಳ್ಳಿಯವನು, ಕನ್ನಡ ಮಾತನಾಡುವವನು.

ಇಲ್ಲಿ ನಡೆದದ್ದನ್ನು ಗಮನಿಸಿ. ಕಾರ್ಡಿನ ಮೇಲಿದ್ದದ್ದು ನೆರೆಹೊರೆಯವರಿಗೆ ನೆಮ್ಮದಿ ಕೊಡುವ ಹೆಸರು. ಮಾತು ನಮ್ಮದೇ, ಊರೂ ನಮ್ಮದೇ, ಹೇಳಿಕೊಂಡ ಕೆಲಸವೂ ಸಾಧಾರಣವಾದದ್ದು. ನಿಮ್ಮ ಬೀದಿಯವರು ಇಂದು ಯಾವ ಅಳತೆಗೋಲು ಹಿಡಿದು ಅಸ್ಸಾಮಿನ ಹುಡುಗನನ್ನು ಅನುಮಾನಿಸುತ್ತಿದ್ದಾರೋ, ಅದೇ ಅಳತೆಗೋಲಿನಲ್ಲಿ ಆ ಆರೋಪಿ ಸಲೀಸಾಗಿ ಪಾಸಾಗುತ್ತಿದ್ದ. ಕೇಡು ಮಾಡಬೇಕೆಂದು ಬಂದವನು ಮೊದಲು ಯೋಚಿಸುವುದೇ ಜನ ಯಾರನ್ನು ನೋಡಿ ಹುಬ್ಬೇರಿಸುತ್ತಾರೆ, ಯಾರನ್ನು ನೋಡಿ ಸುಮ್ಮನಾಗುತ್ತಾರೆ ಎಂಬುದನ್ನು. ಅವನು ಎರಡನೆಯವರಂತೆ ವೇಷ ಹಾಕುತ್ತಾನೆ.

ನಿಮ್ಮ ಹತ್ತಿರದಲ್ಲೇ ನಡೆದ ರಾಮೇಶ್ವರಂ ಕೆಫೆ ಪ್ರಕರಣದಲ್ಲೂ ಇದೇ ಪಾಠವಿದೆ. 2024ರ ಮಾರ್ಚ್ 1ರ ಮಧ್ಯಾಹ್ನ ಟೋಪಿ, ಮಾಸ್ಕ್ ಧರಿಸಿದ್ದ ವ್ಯಕ್ತಿಯೊಬ್ಬ ಗಿರಾಕಿಯಂತೆ ಬಂದು ಚೀಲ ಇಟ್ಟು ಹೋದ. ಪ್ರಮುಖ ಆರೋಪಿಗಳಿಬ್ಬರು ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು. ಅಲ್ಲಿಯವರೆಗೂ ಅವರು ಸುಳ್ಳು ಗುರುತಿನಲ್ಲಿ ತಲೆಮರೆಸಿಕೊಂಡಿದ್ದರು, ಮತ್ತು ಅವರೂ ಶಿವಮೊಗ್ಗ ಜಿಲ್ಲೆಯವರೇ. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ತಪ್ಪಿತಸ್ಥರು ಯಾರೆಂದು ನಾನು ಹೇಳುವಂತಿಲ್ಲ. ತನಿಖೆ ಮುಂದುವರಿದ ರೀತಿಯನ್ನು ಮಾತ್ರ ಹೇಳಬಹುದು. ಸಿಸಿಟಿವಿ ದೃಶ್ಯಗಳನ್ನು ಒಂದರ ಹಿಂದೊಂದು ಜೋಡಿಸುತ್ತಾ ಹೋದರು. ಆ ಟೋಪಿಯನ್ನು ಚೆನ್ನೈಯಲ್ಲಿ ಕೊಂಡದ್ದೆಂದು ಪತ್ತೆ ಮಾಡಿದರು. ಇಂಥ ಪ್ರಕರಣಗಳು ಬಿಡಿಸಿಕೊಳ್ಳುವುದು ವಸ್ತು, ಹೊತ್ತು, ಹಣ ಮತ್ತು ಓಡಾಟದ ಜಾಡು ಹಿಡಿದಾಗ. ‘ಅಂಥವರು’ ಎನಿಸಿದವರನ್ನೆಲ್ಲ ಗುಡ್ಡೆ ಹಾಕಿ ಪ್ರಶ್ನಿಸಿದರೆ ತನಿಖಾಧಿಕಾರಿಯ ಹೊತ್ತು ಹಾಳಾಗುತ್ತದೆ, ಅಷ್ಟೇ.

ಹೀಗೆ ಗುಡ್ಡೆ ಹಾಕಿ ನೋಡಿದ ದೇಶಗಳೂ ಇವೆ. ಬ್ರಿಟನ್ನಿನ 2000ದ ಭಯೋತ್ಪಾದನಾ ಕಾಯ್ದೆಯ ಕಲಂ 44, ಯಾವ ನಿರ್ದಿಷ್ಟ ಕಾರಣವನ್ನೂ ಕೊಡದೆ ದಾರಿಹೋಕರನ್ನು ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. 2009-10ರ ಒಂದೇ ವರ್ಷದಲ್ಲಿ ಹೀಗೆ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆಗಳು ನಡೆದವು. ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ ಕಪ್ಪು ವರ್ಣೀಯರೂ ಏಷ್ಯಾ ಮೂಲದವರೂ ಬಹಳ ಹೆಚ್ಚಾಗಿ ಸಿಕ್ಕಿಬಿದ್ದರು. ಭಯೋತ್ಪಾದನೆಯ ಅಪರಾಧಕ್ಕಾಗಿ ಬಂಧನವಾದದ್ದು ಸೊನ್ನೆ. ಆ ಅಧಿಕಾರ ಮಾನವ ಹಕ್ಕುಗಳಿಗೆ ವಿರುದ್ಧವೆಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ, ಹೆಚ್ಚಿನಂಶ ಮುಸ್ಲಿಂ ದೇಶಗಳಿಂದ ಬಂದ ಗಂಡಸರನ್ನು ಕರೆಸಿ ವಿಶೇಷ ನೋಂದಣಿ ಮಾಡಿದರು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಭಯೋತ್ಪಾದನೆಯ ಒಂದು ಶಿಕ್ಷೆಯೂ ಅದರಿಂದ ಆಗಲಿಲ್ಲ. ಅದೇ ದಾಳಿಯಾದ ನಾಲ್ಕನೇ ದಿನ ಅರಿಜೋನಾದ ಮೆಸಾ ನಗರದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು, ಪೇಟ ಗಡ್ಡ ನೋಡಿ, ಅವರದೇ ಪೆಟ್ರೋಲ್ ಬಂಕಿನ ಎದುರು ಗುಂಡಿಟ್ಟು ಕೊಂದರು. ಮುಖ ನೋಡಿ ಶತ್ರುವನ್ನು ಗುರುತಿಸಬಲ್ಲೆ ಎಂದು ಕೊಂದವನು ನಂಬಿದ್ದ.

ಬೆಂಗಳೂರಿಗೆ ನೇರವಾಗಿ ಸಂಬಂಧಿಸಿದ ಮತ್ತೊಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ನೆರೆಯವರು ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎಂದು ಕೇಳಿದರೆ ಇದನ್ನು ನೆನಪಿಸಬಹುದು. ನಮ್ಮ ಊರಿನ ವೈದ್ಯ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು ಇವರ ದೂರದ ಸಂಬಂಧಿ. ಹನೀಫ್ ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಆ ದಾಳಿಕೋರನ ತಮ್ಮನಿಗೆ ಕೊಟ್ಟು ಬಂದಿದ್ದರು. ಜುಲೈ 2ರಂದು ಅವರು ಬ್ರಿಸ್ಬೇನ್‌ನಿಂದ ಬೆಂಗಳೂರಿಗೆ ಹೊರಟಿದ್ದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ, ವಾಪಸ್ ಬರುವುದಿರಲಿಲ್ಲ. ಊರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ಕೆಲವೇ ದಿನಗಳಾಗಿದ್ದವು, ಹಸುಗೂಸನ್ನು ನೋಡಲು ಅಪ್ಪ ಹೊರಟಿದ್ದರು. ಅನುಮಾನದ ಕಣ್ಣಿಗೆ ಅದು ಪಲಾಯನವಾಗಿ ಕಂಡಿತು.

ನ್ಯಾಯವಾಗಿ ಹೇಳಬೇಕೆಂದರೆ, ಅವರನ್ನು ಪ್ರಶ್ನಿಸಲು ಕಾರಣವಿತ್ತು. ದಾಳಿ ಮಾಡಿದವರ ಜೊತೆ ನಂಟಿತ್ತು, ಸಿಮ್ ಕಾರ್ಡ್ ಇತ್ತು; ಯಾವ ಪೊಲೀಸ್ ಅಧಿಕಾರಿಯಾದರೂ ವಿಚಾರಿಸುತ್ತಿದ್ದ, ನಾನೂ ವಿಚಾರಿಸುತ್ತಿದ್ದೆ. ಎಡವಟ್ಟಾದದ್ದು ಉತ್ತರ ಸಿಕ್ಕಿದ ಮೇಲೂ ಅದನ್ನು ನಂಬಲು ಸಿದ್ಧರಿಲ್ಲದೆ ಹೋದಾಗ. ಆರೋಪ ಹೊರಿಸದೆಯೇ ಅವರನ್ನು ಹನ್ನೆರಡು ದಿನ ಹಿಡಿದಿಟ್ಟರು. ಸಿಮ್ ಕಾರ್ಡ್ ಉರಿದ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸುಳ್ಳು, ಕಾರ್ಡ್ ಇದ್ದದ್ದು ಲಿವರ್‌ಪೂಲ್‌ನಲ್ಲಿ. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ದಿನವೇ ಸರಕಾರ ವೀಸಾ ರದ್ದು ಮಾಡಿತು. ಜುಲೈ 27ರಂದು ಆರೋಪವನ್ನು ಕೈಬಿಟ್ಟರು. ವೀಸಾ ರದ್ದತಿಯನ್ನು ನ್ಯಾಯಾಲಯ ತಳ್ಳಿಹಾಕಿತು, ಮರುವರ್ಷದ ನ್ಯಾಯಾಂಗ ತನಿಖೆ ಅವರನ್ನು ನಿರ್ದೋಷಿ ಎಂದಿತು, 2010ರಲ್ಲಿ ಪರಿಹಾರ ಸಿಕ್ಕಿತು. ಒಬ್ಬ ಸುಶಿಕ್ಷಿತ ವೈದ್ಯನಿಗೆ, ಒಳ್ಳೆಯ ವಕೀಲರಿದ್ದೂ, ಮೂರು ವರ್ಷ ಬೇಕಾಯಿತು. ನಿಮ್ಮ ಮೇಲಿನ ಮನೆಯ ಹುಡುಗನ ಬೆನ್ನಿಗೆ ಯಾರಿದ್ದಾರೆ?

ಇನ್ನು ನೀವು ಬರೆದ ‘ಲಕ್ಷಣ’ಗಳಿಗೆ ಬರುತ್ತೇನೆ. ನಡುರಾತ್ರಿಯ ಮೇಲೆ ಮನೆಗೆ ಬರುವುದು, ಹಗಲು ನಿದ್ದೆ ಮಾಡುವುದು, ಪಾರ್ಸೆಲ್ ತರಿಸುವುದು: ಮಹದೇವಪುರ, ವೈಟ್‌ಫೀಲ್ಡ್ ಕಡೆ ಇವು ಸರ್ವೇಸಾಮಾನ್ಯ. ಊಟ ತಲುಪಿಸುವವರು, ಕ್ಯಾಬ್ ಓಡಿಸುವವರು, ರಾತ್ರಿ ಪಾಳಿಯ ಕಂಪನಿ ನೌಕರರು, ಹೋಟೆಲಿನಲ್ಲಿ ಪಾತ್ರೆ ತೊಳೆದು ಕೊನೆಗೆ ಬಾಗಿಲು ಹಾಕಿ ಬರುವವರು, ನಿಮ್ಮ ಬೀದಿಯ ಕಾವಲುಗಾರರು, ಎಲ್ಲರೂ ಹೀಗೆಯೇ ಬದುಕುತ್ತಾರೆ. ಅರ್ಥವಾಗದ ಭಾಷೆಯಲ್ಲಿ ಫೋನಿನಲ್ಲಿ ಮಾತನಾಡುವವರು ಮನೆಯವರ ಜೊತೆ ಮಾತನಾಡುತ್ತಿರುತ್ತಾರೆ. ದುಬೈಯಲ್ಲಿ ಕೆಲಸಕ್ಕಿರುವ ನಮ್ಮ ಕುಂದಾಪುರದ ಹುಡುಗನೂ ರಾತ್ರಿ ಅಮ್ಮನ ಹತ್ತಿರ ಕನ್ನಡದಲ್ಲೇ ಮಾತನಾಡುತ್ತಾನೆ.

‘ಬಾಂಗ್ಲಾದೇಶದವನಿರಬಹುದು’ ಎಂಬ ಮಾತಿನ ಬಗ್ಗೆ ನಿಮಗೆ ಒಂದು ಸಂಗತಿ ಗೊತ್ತಿರಲಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದ ಬಳಿ, ಅಕ್ರಮ ಬಾಂಗ್ಲಾದೇಶಿಗರಿದ್ದಾರೆಂಬ ವಿಡಿಯೊ ಹರಿದಾಡಿದ ಮೇಲೆ, ಕಾರ್ಮಿಕರ ಗುಡಿಸಲುಗಳನ್ನು ಜೆಸಿಬಿಯಿಂದ ನೆಲಸಮ ಮಾಡಿದರು. ಮನೆ ಕಳೆದುಕೊಂಡವರಲ್ಲಿ ಅಸ್ಸಾಮಿನವರು, ತ್ರಿಪುರಾದವರು ಇದ್ದರು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ನಮ್ಮವರೂ ಇದ್ದರು, ಗುರುತಿನ ಚೀಟಿ ಹಿಡಿದುಕೊಂಡೇ ನಿಂತಿದ್ದರು. ಹೈಕೋರ್ಟ್ ಮಧ್ಯೆ ಪ್ರವೇಶಿಸಬೇಕಾಯಿತು. ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಬಂಗಾಳಿಯೇ ಜನರ ಮಾತು. ಭಾಷೆ ಕೇಳಿ ಪೌರತ್ವ ತೀರ್ಮಾನಿಸುವುದು ಮಂಜೇಶ್ವರದ ಕನ್ನಡಿಗನನ್ನು ಕೇರಳದವನೇ ಅಲ್ಲ ಎಂದಂತೆ.

ಹಾಗಾದರೆ ಯಾವುದನ್ನೂ ಗಮನಿಸಲೇಬಾರದೇ? ಖಂಡಿತ ಗಮನಿಸಬೇಕು. ಆದರೆ ಮನುಷ್ಯ ಯಾರು ಎಂಬುದರ ಬದಲು ಏನು ಮಾಡಿದ ಎಂಬುದನ್ನು ನೋಡಬೇಕು. ಕೋಣೆಯಿಂದ ಪದೇ ಪದೇ ರಾಸಾಯನಿಕದ ಕಟುವಾಸನೆ ಬರುವುದು, ಸುಟ್ಟ ಗುರುತು, ಸಣ್ಣ ಸ್ಫೋಟದ ಸದ್ದು. ಕೊಟ್ಟ ಗುರುತಿನ ಚೀಟಿಯಲ್ಲಿ ಒಂದು ಹೆಸರಿದ್ದು, ಬಂದುಹೋಗುವವರು ಬೇರೆ ಹೆಸರಿನಿಂದ ಕರೆಯುವುದು. ದಾಖಲೆ ಕೇಳಿದರೆ ದುಪ್ಪಟ್ಟು ಮುಂಗಡ ಕೊಡುತ್ತೇನೆ, ಕರಾರುಪತ್ರ ಬೇಡ ಎನ್ನುವುದು. ಬಾಡಿಗೆ ಹಿಡಿದವನು ವಾಸವಿಲ್ಲದೆ ಅಪರಿಚಿತರು ಸರದಿಯಂತೆ ಬಂದು ತಂಗುವುದು. ಯಾರೂ ವಾಸವಿಲ್ಲದ ಕೋಣೆಗೆ ಭಾರದ ಸರಕು ಬರುವುದು. ಇವು ಯಾವ ಮತದವನು ಮಾಡಿದರೂ ಠಾಣೆಗೆ ತಿಳಿಸಬೇಕಾದ ಸಂಗತಿಗಳು. ಇವುಗಳಲ್ಲಿಯೂ ಎಷ್ಟೋ ನಿರಪಾಯದ ಕಾರಣದಿಂದಲೇ ಆಗಿರುತ್ತವೆ, ಆದ್ದರಿಂದ ತೀರ್ಮಾನವನ್ನು ಪೊಲೀಸರಿಗೆ ಬಿಡಬೇಕು. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಒಂದೂ ನನಗೆ ಕಾಣಲಿಲ್ಲ.

ಪ್ರಶ್ನೆ ಕೇಳುವುದರ ಬಲ ಏನೆಂಬುದಕ್ಕೆ ಭದ್ರತಾ ತರಬೇತಿಯಲ್ಲಿ ಒಂದು ಘಟನೆಯನ್ನು ಹೇಳುತ್ತಾರೆ. 1986ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇಸ್ರೇಲಿನ ವಿಮಾನ ಹತ್ತಲು ಬಂದ ಐರಿಷ್ ಗರ್ಭಿಣಿಯೊಬ್ಬಳ ಚೀಲದಲ್ಲಿ ಬಾಂಬ್ ಇತ್ತು. ಮದುವೆಯಾಗುತ್ತೇನೆಂದು ನಂಬಿಸಿದವನು ಅವಳಿಗೆ ಗೊತ್ತಿಲ್ಲದಂತೆ ಇಟ್ಟಿದ್ದ. ನಿಲ್ದಾಣದ ಸಾಮಾನ್ಯ ತಪಾಸಣೆ ದಾಟಿ ಬಂದಿದ್ದ ಚೀಲ ಅದು. ಎಲ್ಲ ಪ್ರಯಾಣಿಕರಿಗೂ ಕೇಳುವ ಪ್ರಶ್ನೆಗಳನ್ನು ಅವಳಿಗೂ ಕೇಳಿದ ಸಿಬ್ಬಂದಿಗೆ ಉತ್ತರಗಳು ಹೊಂದಲಿಲ್ಲ, ಖಾಲಿ ಮಾಡಿದ ಮೇಲೂ ಚೀಲ ಭಾರವಾಗಿತ್ತು. ಮುಖ ನೋಡಿ ಬಿಟ್ಟಿದ್ದರೆ ಆ ವಿಮಾನ ಉಳಿಯುತ್ತಿರಲಿಲ್ಲ. ಮನೆ ಬಾಡಿಗೆಗೆ ಕೊಡುವಾಗಲೂ ಇದೇ ನಿಯಮ: ಎಲ್ಲರಿಗೂ ಅದೇ ಪ್ರಶ್ನೆ, ಎಲ್ಲರಿಂದಲೂ ಅದೇ ದಾಖಲೆ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ತಕ್ಷಣ ಖಾಲಿ ಮಾಡಿಸುವುದು ಸುಲಭವಾಗಿ ಕಾಣುತ್ತದೆ, ಆದರೆ ಕಾನೂನಿನಲ್ಲಿ ಅದು ನೀವಂದುಕೊಂಡಷ್ಟು ಸರಳವಲ್ಲ. ಕರಾರುಪತ್ರದಲ್ಲಿ ನೋಟಿಸಿನ ಅವಧಿ ಎಷ್ಟಿದೆಯೋ ಅಷ್ಟು ಕೊಡಲೇಬೇಕು. ಬೀಗ ಬದಲಿಸುವುದು, ನೀರು ಅಥವಾ ಕರೆಂಟು ಕಡಿಯುವುದು, ಸಾಮಾನು ಹೊರಗೆ ಹಾಕುವುದು ನಿಮ್ಮ ಮೇಲೆಯೇ ದೂರು ಬರುವ ಕೆಲಸಗಳು. ಇನ್ನೊಂದು ನಷ್ಟವೂ ಇದೆ, ಅದನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಸರಿನ ಕಾರಣಕ್ಕೆ ಎಲ್ಲಿಯೂ ಮನೆ ಸಿಗದಿದ್ದರೆ ಒಳ್ಳೆಯವರೂ ಬೇರೆಯವರ ಹೆಸರಿನಲ್ಲಿ ಕರಾರು ಮಾಡಿಸಿಕೊಂಡು ಇರತೊಡಗುತ್ತಾರೆ; ಆಗ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಪೊಲೀಸರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ನೆರೆಯವರೇ ‘ವಿಚಾರಿಸುವುದು’ ಎಲ್ಲಕ್ಕಿಂತ ಅಪಾಯಕಾರಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದ್ ಕಡೆಯಿಂದ ಬಂದ ಸ್ನೇಹಿತರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಫೋಟೊ ವಿಡಿಯೊಗಳ ಜೊತೆ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆ ತಡೆದು ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ರಾಜಸ್ಥಾನದ ಯುವಕನೊಬ್ಬನನ್ನು ಇಂಥದೇ ವದಂತಿ ಕೊಂದಿತ್ತು. ಇವು ಭಯೋತ್ಪಾದನೆಯ ಪ್ರಕರಣಗಳಲ್ಲ, ಆದರೆ ಆರಂಭ ಮಾತ್ರ ನಿಮ್ಮ ಬೀದಿಯ ಗುಂಪಿನಲ್ಲಿ ಆಗಿರುವಂತೆಯೇ: ಒಂದು ಫೋಟೊ, ‘ಎಚ್ಚರ’ ಎಂಬ ಒಂದು ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40ರ ಪ್ರಕಾರ ಸಾಮಾನ್ಯ ನಾಗರಿಕರು ಒಬ್ಬನನ್ನು ಹಿಡಿಯಬಹುದಾದದ್ದು ಮುಖ್ಯವಾಗಿ ತಮ್ಮ ಕಣ್ಣೆದುರು ಗಂಭೀರ ಅಪರಾಧ ನಡೆದಾಗ, ಅಥವಾ ಆತ ಘೋಷಿತ ಅಪರಾಧಿಯಾಗಿದ್ದಾಗ. ಆಗಲೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಮನೆಗೆ ನುಗ್ಗಲು, ಚೀಲ ಬಿಚ್ಚಲು, ಪಾರ್ಸೆಲ್ ಒಡೆಯಲು ಯಾರಿಗೂ ಹಕ್ಕಿಲ್ಲ. ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಹುಟ್ಟೂರು, ಭಾಷೆಯಂಥ ಕಾರಣಕ್ಕೆ ಕೊಂದರೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 103(2)ರಲ್ಲಿ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ. ಆ ಫೋಟೊವನ್ನು ಗುಂಪಿನಿಂದ ಇಂದೇ ತೆಗೆಸಿ. ಯಾರು ಯಾವಾಗ ಹಾಕಿದರೆಂಬ ಸ್ಕ್ರೀನ್‌ಶಾಟ್ ಮಾತ್ರ ನಿಮ್ಮಲ್ಲಿರಲಿ.

ನಾನು ಸೂಚಿಸುವ ದಾರಿ ಬಾಡಿಗೆದಾರರ ವಿವರಗಳ ಪರಿಶೀಲನೆ. ಎರಡೂ ಮನೆಯವರದು, ಒಂದೇ ದಿನ. ಗುರುತಿನ ಚೀಟಿ, ಖಾಯಂ ವಿಳಾಸ, ಕೆಲಸದ ಸ್ಥಳ, ಊರಿನಲ್ಲಿ ಸಂಪರ್ಕಿಸಬಹುದಾದ ಒಬ್ಬರ ಫೋನ್ ನಂಬರ್ ಪಡೆದು, ಬಾಡಿಗೆದಾರರ ಮಾಹಿತಿಯನ್ನು ನಿಮ್ಮ ವ್ಯಾಪ್ತಿಯ ಠಾಣೆಗೆ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆಧಾರ್ ಜೆರಾಕ್ಸ್ ತೆಗೆದುಕೊಂಡು ಕಪಾಟಿನಲ್ಲಿಡುವುದು ಪರಿಶೀಲನೆಯಲ್ಲ. ಮೈಸೂರಿನ ಆ ಕೋಣೆಗೂ ಆಧಾರ್ ಕೊಟ್ಟೇ ಬಂದಿದ್ದರು. ಕಾರ್ಡಿನ ಮೇಲಿನ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಿಂದ ಬಾಡಿಗೆದಾರರ ಎದುರೇ ಸ್ಕ್ಯಾನ್ ಮಾಡಿ. ಪ್ರಾಧಿಕಾರದ ಡಿಜಿಟಲ್ ಸಹಿಯಿರುವ ಹೆಸರು, ವಿಳಾಸ, ಫೋಟೊ ಅದರಲ್ಲಿ ಕಾಣುತ್ತವೆ. ಕಾರ್ಡಿನ ಮೇಲೆ ಬೇರೆ ಫೋಟೊ ಅಂಟಿಸಿದ್ದರೆ ಅಲ್ಲೇ ತಿಳಿಯುತ್ತದೆ. ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಇಟ್ಟುಕೊಂಡರೆ ಸಾಕು, ಅದನ್ನು ಯಾವ ಗುಂಪಿಗೂ ಹಾಕಬೇಡಿ.

‘ಹೊಣೆ ಯಾರು’ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಬಾಡಿಗೆದಾರ ಮಾಡಿದ ಅಪರಾಧಕ್ಕೆ ಮಾಲೀಕರು ಅಪರಾಧಿಗಳಾಗುವುದಿಲ್ಲ. ಭಯೋತ್ಪಾದಕರಿಗೆ ಆಶ್ರಯ ಕೊಟ್ಟ ಆರೋಪ ನಿಲ್ಲಬೇಕಾದರೆ ತಿಳಿದೂ ಆಶ್ರಯ ಕೊಟ್ಟಿದ್ದೀರಿ ಎಂಬುದನ್ನು ಸಾಬೀತುಪಡಿಸಬೇಕು. ಮಾಹಿತಿ ಸಲ್ಲಿಸಬೇಕೆಂಬ ಪೊಲೀಸ್ ಆದೇಶ ಜಾರಿಯಲ್ಲಿದ್ದೂ ಸಲ್ಲಿಸದಿದ್ದರೆ ಮಾತ್ರ ಆದೇಶ ಉಲ್ಲಂಘನೆಗೆ ನೀವು ಉತ್ತರ ಕೊಡಬೇಕಾಗುತ್ತದೆ. ಆ ಸ್ವೀಕೃತಿಯನ್ನು ನೆರೆಯವರಿಗೂ ತೋರಿಸಬಹುದು, ಅದರಲ್ಲಿರುವ ವಿವರಗಳನ್ನು ಬೇಡ.

ಪರಿಶೀಲನೆಗೂ ಅದರದೇ ಅಪಾಯವಿದೆ. ಕೆಲವು ಬಾರಿ ಠಾಣೆಯ ಸಿಬ್ಬಂದಿಯೂ ಹೆಸರು ಓದಿ ದನಿ ಏರಿಸುತ್ತಾರೆ. ಆದ್ದರಿಂದ ನೀವೇ ಜೊತೆಗೆ ಹೋಗಿ. ಮಾಲೀಕರು ಪಕ್ಕದಲ್ಲಿದ್ದರೆ ಕೆಲಸ ಮರ್ಯಾದೆಯಿಂದ ಮುಗಿಯುತ್ತದೆ ಎಂಬುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿಯೇ ಇನ್‌ಸ್ಪೆಕ್ಟರಿಗೆ ಗುಂಪಿನ ಫೋಟೊದ ವಿಷಯವನ್ನೂ ‘ನಾವೇ ವಿಚಾರಿಸುತ್ತೇವೆ’ ಎಂಬ ಮಾತನ್ನೂ ತಿಳಿಸಿ, ಬೀಟ್ ಪೊಲೀಸರು ಆ ಕಡೆ ಬಂದುಹೋಗುವಂತೆ ಕೇಳಿಕೊಳ್ಳಿ. ಸದ್ಯಕ್ಕೆ ಆ ಮನೆಯಲ್ಲಿ ಹೆಚ್ಚು ಅಪಾಯ ಇರುವುದು ಆ ಯುವಕನಿಗೆ.

ಕೊನೆಯದಾಗಿ, ಅವನಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಿಂದಿ ಅಷ್ಟಾಗಿ ಬಾರದಿದ್ದರೆ ಪಕ್ಕದ ಮನೆಯ ಬಾಡಿಗೆದಾರರನ್ನು ಕರೆದುಕೊಂಡು, ಹಗಲಿನಲ್ಲಿ, ಅವನು ಎದ್ದಿರುವ ಹೊತ್ತಿಗೆ ಹೋಗಿ. ಎರಡೂ ಮನೆಯವರ ಮಾಹಿತಿಯನ್ನು ಠಾಣೆಗೆ ಕೊಡುತ್ತಿದ್ದೇನೆ, ನಿನ್ನದೂ ಬೇಕು ಎನ್ನಿ. ಎಲ್ಲಿ ಕೆಲಸ, ಯಾವ ಪಾಳಿ ಎಂದು ಕೇಳಿ. ಐದು ತಿಂಗಳಲ್ಲೋ ಆರು ತಿಂಗಳಲ್ಲೋ ಯಾರೂ ಕೇಳದೆ ಇದ್ದ ಪ್ರಶ್ನೆಗಳಿವು, ಉತ್ತರ ತೀರಾ ಸಾಧಾರಣವಾಗಿರುವ ಸಂಭವವೇ ಹೆಚ್ಚು. ಗುಂಪಿನಲ್ಲಿ ಅವನ ಫೋಟೊ ಬಂದಿದ್ದನ್ನು ಮುಚ್ಚಿಡಬೇಡಿ, ತನ್ನ ಸುತ್ತ ಏನು ನಡೆಯುತ್ತಿದೆಯೆಂದು ತಿಳಿಯುವ ಹಕ್ಕು ಅವನಿಗಿದೆ. ಯಾರಾದರೂ ಗುಂಪುಗೂಡಿ ಬಂದರೆ ಬಾಗಿಲು ತೆರೆಯದೆ 112ಕ್ಕೆ ಕರೆ ಮಾಡುವಂತೆ ಹೇಳಿ. ನೀವೂ ಅದೇ ಸಂಖ್ಯೆಗೆ ಕರೆ ಮಾಡಿ, ಮೊದಲು ಮನೆಯ ವಿಳಾಸ, ಆಮೇಲೆ ಎಷ್ಟು ಜನ ಬಂದಿದ್ದಾರೆಂಬುದನ್ನು ತಿಳಿಸಿ. ಇಷ್ಟೆಲ್ಲ ಕೇಳಿದ ಮೇಲೆ ಅವನೇ ಮನೆ ಬಿಡುತ್ತೇನೆ ಎಂದರೆ, ಬೇರೆ ಮನೆ ಸಿಗುವವರೆಗೆ ಸಮಯ ಕೊಟ್ಟು, ಮುಂಗಡವನ್ನು ಪೂರ್ತಿ ಹಿಂದಿರುಗಿಸಿ, ಇಲ್ಲಿದ್ದಷ್ಟು ದಿನ ಯಾವ ತಕರಾರೂ ಇರಲಿಲ್ಲವೆಂದು ಒಂದು ಪತ್ರ ಬರೆದುಕೊಡಿ. ಮುಂದಿನ ಮಾಲೀಕರು ಅದನ್ನು ಕೇಳಿಯೇ ಕೇಳುತ್ತಾರೆ.